ಮೂತ್ರಕೋಶದ ಕ್ಯಾನ್ಸರ್ ಗಂಡಸರಿಗೇ ಯಾಕೆ ಜಾಸ್ತಿ? ಬೀಡಿಯಾಚೆಗೂ ಒಂದು ಕಾರಣ

ಮೂತ್ರಕೋಶದ ಕ್ಯಾನ್ಸರ್ ಅಂದ ತಕ್ಷಣ ನಮ್ಮ ಕಡೆ ಮೊದಲು ಬರುವ ಮಾತು ಒಂದೇ: ‘ಬೀಡಿ ಸೇದ್ತಿದ್ರು, ಅದಕ್ಕೇ ಬಂತು.’ ಮಾತು ಸುಳ್ಳಲ್ಲ. ಈ ಕಾಯಿಲೆಯ ಕಾರಣಗಳಲ್ಲಿ ಹೊಗೆಸೊಪ್ಪಿನದೇ ದೊಡ್ಡ ಪಾಲು. ಆದರೆ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಈ ಕಾಯಿಲೆ ಪತ್ತೆಯಾದವರು ಸುಮಾರು 6 ಲಕ್ಷ ಜನ. ಅವರಲ್ಲಿ ನಾಲ್ಕಕ್ಕೆ ಮೂರು ಪಾಲು ಗಂಡಸರು. ಬೀಡಿ ಸೇದುವ ಊರಿರಲಿ, ಸೇದದ ಊರಿರಲಿ, ಹೆಂಗಸರಿಗಿಂತ ಗಂಡಸರಿಗೆ ಇದು ಬರುವುದು ಮೂರರಿಂದ ನಾಲ್ಕು ಪಟ್ಟು ಜಾಸ್ತಿ.

ನಾನು ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು. ಡಾಕ್ಟರ್ ಅಲ್ಲ. ಹಾರ್ಮೋನ್ ಪಾಠ ಬಂದಾಗಲೆಲ್ಲ ಮಕ್ಕಳು ಮೊಡವೆ, ಮೀಸೆ, ಥೈರಾಯ್ಡ್ ಬಗ್ಗೆ ಕೇಳುತ್ತಾರೆ. ಅದೇ ಹಾರ್ಮೋನ್‌ಗೆ ಮೂತ್ರಕೋಶದ ಒಳಪದರದ ಜೊತೆಗೂ ವ್ಯವಹಾರ ಇದೆ ಅಂದರೆ ಆಶ್ಚರ್ಯಪಡುತ್ತಾರೆ. ದೊಡ್ಡವರೂ ಅಷ್ಟೇ. ಸ್ತನದ ಕ್ಯಾನ್ಸರ್, ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್‌ಗೆ ಹಾರ್ಮೋನ್ ಸಂಬಂಧ ಇದೆ ಅಂತ ಎಲ್ಲೋ ಕೇಳಿರುತ್ತಾರೆ. ಮೂತ್ರಕೋಶ ಅವರ ಲೆಕ್ಕದಲ್ಲಿ ನೀರು ತುಂಬುವ ಒಂದು ಚೀಲ, ಅಷ್ಟೇ.

ಮೊದಲು ಬೀಡಿಯ ಪಾಲನ್ನು ಬೀಡಿಗೆ ಕೊಟ್ಟುಬಿಡೋಣ.

ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಮೂತ್ರಕೋಶಕ್ಕೆ ಯಾಕೆ ಏಟು ಬೀಳಬೇಕು? ತಂಬಾಕು ಸುಟ್ಟಾಗ ಆರೊಮ್ಯಾಟಿಕ್ ಅಮೈನ್ ಎಂಬ ಗುಂಪಿನ ರಾಸಾಯನಿಕಗಳು ಹುಟ್ಟುತ್ತವೆ. ಅವು ಶ್ವಾಸಕೋಶದಿಂದ ರಕ್ತಕ್ಕೆ ಇಳಿಯುತ್ತವೆ. ಲಿವರ್ ಅವುಗಳ ರೂಪ ಬದಲಿಸುತ್ತದೆ. ಕಿಡ್ನಿ ಸೋಸಿ ಮೂತ್ರಕ್ಕೆ ಹಾಕುತ್ತದೆ. ಆ ಮೂತ್ರ ಮೂತ್ರಕೋಶದಲ್ಲಿ ಗಂಟೆಗಟ್ಟಲೆ ನಿಂತಿರುತ್ತದೆ. ದಾರಿಯ ಬೇರೆ ಯಾವ ಜಾಗದಲ್ಲೂ ವಿಷ ಇಷ್ಟು ಹೊತ್ತು ಒಂದೇ ಪದರಕ್ಕೆ ತಾಗಿಕೊಂಡು ಕೂರುವುದಿಲ್ಲ. ಆ ಪದರದ ಜೀವಕೋಶಗಳ ಡಿಎನ್‌ಎಗೆ ಅಲ್ಲಿ ಪೆಟ್ಟು ಬೀಳುತ್ತದೆ.

ಇದನ್ನು ಮೊದಲು ಗುರುತಿಸಿದ್ದು ಬೀಡಿ ಸೇದುವವರಲ್ಲಲ್ಲ, ಬಣ್ಣದ ಕಾರ್ಖಾನೆಯಲ್ಲಿ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸರ್ಜನ್ ಲುಡ್ವಿಗ್ ರೆನ್, ಮೆಜೆಂಟಾ ಬಣ್ಣ ತಯಾರಿಸುವ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆಗಳು ಕಾಣುತ್ತಿವೆ ಎಂದು ವರದಿ ಮಾಡಿದರು. ಬೆನ್ಜಿಡೀನ್, ನ್ಯಾಫ್ತೈಲಮೈನ್ ಎಂಬ ಆರೊಮ್ಯಾಟಿಕ್ ಅಮೈನ್‌ಗಳ ಹೆಸರು ಆಮೇಲೆ ಬಂದವು. ಬೆನ್ಜಿಡೀನ್ ಸೇರಿದ ಬಣ್ಣಗಳನ್ನು ನಮ್ಮ ದೇಶದಲ್ಲೂ 1990ರ ದಶಕದಲ್ಲಿ ನಿಷೇಧಿಸಿದರು.

ನಮ್ಮ ಬೋರ್‌ವೆಲ್ ನೀರಿನ ಬಗ್ಗೆಯೂ ಜನ ಕೇಳುತ್ತಾರೆ. ಮೂತ್ರಕೋಶದ ಕ್ಯಾನ್ಸರ್‌ಗೆ ಗಟ್ಟಿಯಾದ ಸಂಬಂಧ ಇರುವುದು ನೀರಿನಲ್ಲಿರುವ ಆರ್ಸೆನಿಕ್‌ಗೆ. ಪಾವಗಡ, ಬಾಗೇಪಲ್ಲಿ ಕಡೆಯ ದೊಡ್ಡ ತೊಂದರೆ ಫ್ಲೋರೈಡ್. ಅದು ಹಲ್ಲು, ಮೂಳೆ ಕೆಡಿಸುವ ಬೇರೆಯೇ ಕಥೆ.

ಈಗ ತಾಳೆ ಆಗದ ಲೆಕ್ಕಕ್ಕೆ ಬರೋಣ. ನಮ್ಮ ಜಿಲ್ಲೆಗಳಲ್ಲಿ ಬೀಡಿ ಸೇದುವವರು ಹೆಚ್ಚು ಕಡಿಮೆ ಗಂಡಸರೇ, ಮನೆಯಲ್ಲಿ ಕೂತು ಬೀಡಿ ಕಟ್ಟುವವರು ಹೆಂಗಸರು. ಹಾಗಾಗಿ ನಮ್ಮಲ್ಲಿ ಈ ಅಂತರ ಬೀಡಿಯಿಂದಲೇ ಬಂದಂತೆ ಕಾಣುತ್ತದೆ. ಹೆಂಗಸರೂ ಸಾಕಷ್ಟು ಸಿಗರೇಟ್ ಸೇದುವ ಅಮೆರಿಕದಲ್ಲಿ ಏನಾಗಿದೆ? 1990ರಲ್ಲಿ ಅಲ್ಲಿನ ಸಂಶೋಧಕರು ಇದನ್ನೇ ಲೆಕ್ಕ ಹಾಕಿದರು. ಸಿಗರೇಟ್ ತೆಗೆದುಹಾಕಿದರು, ಕೆಲಸದ ಜಾಗದ ವಿಷ ತೆಗೆದುಹಾಕಿದರು, ಮೂತ್ರದ ಸೋಂಕನ್ನೂ ತೆಗೆದುಹಾಕಿದರು. ಇದ್ಯಾವುದೂ ಇಲ್ಲದಿದ್ದರೂ ಗಂಡಸರಿಗೆ ಕಾಯಿಲೆ ಬರುವ ಸಂಭವ ಹೆಂಗಸರಿಗಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಉಳಿಯಿತು. ಅಂದರೆ ಹೊರಗಿನಿಂದ ಬಂದ ವಿಷವನ್ನೆಲ್ಲ ಕಳೆದ ಮೇಲೂ ಗಂಡಸಿನ ದೇಹದ ಒಳಗೇ ಏನೋ ಒಂದು ಉಳಿದುಕೊಂಡಿದೆ.

ಹಾರ್ಮೋನ್ ಮೇಲೆ ಅನುಮಾನ ಬಂದಿದ್ದು ಹೀಗೆ.

ಹುಳು ಹಣ್ಣಾಗುವುದೂ ಹಾರ್ಮೋನಿನಿಂದಲೇ

ಹಾರ್ಮೋನ್ ಜೀವಕೋಶದ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ರೇಷ್ಮೆ ಬೆಳೆಗಾರರಿಗೆ ವಿವರಿಸುವುದು ಸುಲಭ. ಅವರು ದಿನಾ ಕಣ್ಣಾರೆ ನೋಡುತ್ತಾರೆ. ಹುಳು ಸೊಪ್ಪು ತಿನ್ನುತ್ತದೆ, ಜ್ವರಕ್ಕೆ (ಪೊರೆ ಬಿಡುವ ಮುಂಚಿನ ನಿದ್ದೆಗೆ) ಕೂರುತ್ತದೆ, ಪೊರೆ ಬಿಟ್ಟು ಏಳುತ್ತದೆ. ನಾಲ್ಕು ಜ್ವರ ಆದ ಮೇಲೆ ಹಣ್ಣಾಗಿ, ಅಂದರೆ ಗೂಡು ಕಟ್ಟುವಷ್ಟು ಬಲಿತು, ಚಂದ್ರಿಕೆ (ಗೂಡು ಕಟ್ಟಿಸುವ ತಟ್ಟೆ) ಹತ್ತುತ್ತದೆ, ಗೂಡು ಕಟ್ಟಿ ಒಳಗೆ ಕೋಶವಾಗುತ್ತದೆ.

ಪೊರೆ ಬಿಡಿಸುವ ಹಾರ್ಮೋನ್ ಪ್ರತಿ ಸಲವೂ ಒಂದೇ, ಎಕ್ಡೈಸೋನ್. ಹಾಗಿದ್ದರೆ ಮೊದಲ ನಾಲ್ಕು ಸಲ ಪೊರೆ ಬಿಟ್ಟ ಹುಳು ಮತ್ತೆ ಹುಳುವಾಗಿಯೇ ಉಳಿಯುವುದು, ಕೊನೆಗೆ ಮಾತ್ರ ಗೂಡು ಕಟ್ಟುವುದು ಹೇಗೆ? ಜೊತೆಗೆ ಇನ್ನೊಂದು ಹಾರ್ಮೋನ್ ಇದೆ, ಜುವೆನೈಲ್ ಹಾರ್ಮೋನ್. ಅದು ಮೈಯಲ್ಲಿ ಜಾಸ್ತಿ ಇದ್ದಾಗ ಎಕ್ಡೈಸೋನ್ ಬಂದರೆ ಇನ್ನೂ ದೊಡ್ಡ ಹುಳು. ಅದು ಇಳಿದು ಹೋದಾಗ ಎಕ್ಡೈಸೋನ್ ಬಂದರೆ ಗೂಡು. ಸಂದೇಶ ಒಂದೇ, ಫಲ ಬೇರೆ. ಜೀವಕೋಶ ಆಗ ಯಾವ ಸ್ಥಿತಿಯಲ್ಲಿದೆ, ಜೊತೆಗೆ ಇನ್ನೇನಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹುಳು ಒಟ್ಟಿಗೆ ಹಣ್ಣಾಗಲಿ ಎಂದು ಸೊಪ್ಪಿನ ಮೇಲೆ ಸಿಂಪಡಿಸುವ ಗಿಡಮೂಲದ ಔಷಧಿ ಕೂಡ ಎಕ್ಡೈಸೋನ್ ಜಾತಿಯದೇ. ಒಂದು ದಿನ ಮುಂಚೆ ಸಿಂಪಡಿಸಿದರೆ ಏನಾಗುತ್ತದೆ ಎಂದು ಬೆಳೆಗಾರರನ್ನೇ ಕೇಳಿ.

ಈ ಹುಳುವಿಗೂ ನಮ್ಮ ವಿಷಯಕ್ಕೂ ನೇರವಾದ ನಂಟೇ ಇದೆ. ಎಕ್ಡೈಸೋನ್ ಅನ್ನು ಮೊದಲು ಶುದ್ಧ ರೂಪದಲ್ಲಿ ತೆಗೆದವರು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್‌ಸನ್, 1954ರಲ್ಲಿ. 500 ಕಿಲೋ ರೇಷ್ಮೆ ಕೋಶದಿಂದ ಸಿಕ್ಕಿದ್ದು 25 ಮಿಲಿಗ್ರಾಂ. ಇದೇ ಬುಟೆನಾಂಟ್ 1931ರಲ್ಲಿ ಗಂಡು ಹಾರ್ಮೋನ್ ಜಾತಿಯ ಆಂಡ್ರೋಸ್ಟೆರೋನ್ ಅನ್ನು ಪ್ರತ್ಯೇಕಿಸಿದ್ದರು. ಅದಕ್ಕೆ ಬಳಸಿದ್ದು ಸುಮಾರು 15,000 ಲೀಟರ್ ಮೂತ್ರ, ಪೊಲೀಸರಿಂದ ಸಂಗ್ರಹಿಸಿದ್ದು! ಇದನ್ನು ಕ್ಲಾಸಿನಲ್ಲಿ ಹೇಳಿದ ದಿನ ಪಾಠ ಮುಂದೆ ಹೋಗುವುದಿಲ್ಲ. 1939ರಲ್ಲಿ ಅವರಿಗೆ ನೊಬೆಲ್ ಬಂತು. ನಾಜಿ ಸರ್ಕಾರ ತೆಗೆದುಕೊಳ್ಳಲು ಬಿಡಲಿಲ್ಲ.

ಹುಳುವಿನ ಎಕ್ಡೈಸೋನ್ ಮತ್ತು ನಮ್ಮ ಮುಖ್ಯ ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರೋನ್ ಕೆಲಸ ಮಾಡುವ ರೀತಿ ಒಂದೇ. ಎರಡೂ ಜೀವಕೋಶದ ಒಳಗೆ ಹೋಗುತ್ತವೆ. ಅಲ್ಲಿ ತಮಗೆ ಹೊಂದುವ ಒಂದು ಪ್ರೋಟೀನನ್ನು ಹಿಡಿಯುತ್ತವೆ. ಅದಕ್ಕೆ ರಿಸೆಪ್ಟರ್ ಎಂದು ಹೆಸರು. ಗಂಡು ಹಾರ್ಮೋನ್‌ಗಳಿಗೆಲ್ಲ ಒಟ್ಟಾಗಿ ಆಂಡ್ರೋಜನ್ ಎನ್ನುತ್ತಾರೆ, ಅವು ಹಿಡಿಯುವುದು ಆಂಡ್ರೋಜನ್ ರಿಸೆಪ್ಟರ್. ಹಾರ್ಮೋನ್ ಕೂತ ರಿಸೆಪ್ಟರ್ ಕೋಶಕೇಂದ್ರದಲ್ಲಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ನಿಲ್ಲಿಸುತ್ತದೆ. ರಿಸೆಪ್ಟರ್ ಇಲ್ಲದ ಜೀವಕೋಶದ ಮುಂದೆ ಎಷ್ಟು ಹಾರ್ಮೋನ್ ಹರಿದರೂ ಅದಕ್ಕೆ ಏನೂ ತಿಳಿಯುವುದಿಲ್ಲ.

ಹಾಗಾಗಿ ಮುಖ್ಯವಾದ ಪ್ರಶ್ನೆ ರಕ್ತದಲ್ಲಿ ಎಷ್ಟು ಟೆಸ್ಟೋಸ್ಟೆರೋನ್ ಇದೆ ಎನ್ನುವುದಲ್ಲ. ಮೂತ್ರಕೋಶದ ಒಳಪದರದಲ್ಲಿ ಆ ರಿಸೆಪ್ಟರ್ ಇದೆಯೇ?

ಇದೆ. ಹೊಟ್ಟೆಯಲ್ಲಿ ಮಗು ಬೆಳೆಯುವಾಗ ಮೂತ್ರಕೋಶದ ಬಹುಭಾಗದ ಒಳಪದರ ಮತ್ತು ಪ್ರಾಸ್ಟೇಟ್ ಗ್ರಂಥಿ ಎರಡೂ ಹುಟ್ಟುವುದು ಒಂದೇ ಮೂಲದಿಂದ. ಪ್ರಾಸ್ಟೇಟ್ ಗಂಡು ಹಾರ್ಮೋನ್ ಹೇಳಿದಂತೆ ಕೇಳುವ ಅಂಗ. ಅದರ ಒಡಹುಟ್ಟು ಸ್ವಲ್ಪವಾದರೂ ಕೇಳಿಸಿಕೊಳ್ಳುವುದರಲ್ಲಿ ವಿಚಿತ್ರ ಏನಿಲ್ಲ. ಹೆಂಗಸರ ಮೂತ್ರಕೋಶದಲ್ಲೂ ಆಂಡ್ರೋಜನ್ ರಿಸೆಪ್ಟರ್ ಇದೆ. ಹೆಂಗಸರ ಮೈಯಲ್ಲೂ ಗಂಡು ಹಾರ್ಮೋನ್ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ, ಅಂಡಾಶಯದಿಂದ ಮತ್ತು ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಿಂದ.

ಇಲಿಗಳು ಹೇಳಿದ್ದು

ಅನುಮಾನ ಇದ್ದರೆ ಸಾಲದು, ಪರೀಕ್ಷೆ ಬೇಕು. ಮನುಷ್ಯರ ಮೇಲೆ ಇಂಥ ಪರೀಕ್ಷೆ ಮಾಡುವಂತಿಲ್ಲ. ಬಿಬಿಎನ್ ಎಂಬ ಒಂದು ರಾಸಾಯನಿಕ ಇದೆ. ಇಲಿಗಳಿಗೆ ಕುಡಿಯುವ ನೀರಿನಲ್ಲಿ ಅದನ್ನು ಬೆರೆಸಿ ಕೊಟ್ಟರೆ ನಿರ್ದಿಷ್ಟವಾಗಿ ಮೂತ್ರಕೋಶದಲ್ಲೇ ಕ್ಯಾನ್ಸರ್ ಬರುತ್ತದೆ. ಗಂಡು ಇಲಿಗಳಿಗೆ ಬೇಗ, ಹೆಣ್ಣಿಲಿಗಳಿಗೆ ನಿಧಾನ. 1972ರಲ್ಲೇ ಇದು ಗೊತ್ತಾಗಿತ್ತು. ಹಾರ್ಮೋನ್ ಬದಲಿಸಿದರೆ ಈ ಅಂತರವೂ ಬದಲಾಗುತ್ತದೆ ಎನ್ನುವುದೂ ಗೊತ್ತಾಗಿತ್ತು. ಈ ಇಲಿಗಳು ಬೀಡಿ ಸೇದಿಲ್ಲ, ಬಣ್ಣದ ಫ್ಯಾಕ್ಟರಿಗೆ ಹೋಗಿಲ್ಲ. ಗಂಡು, ಹೆಣ್ಣು ಎರಡಕ್ಕೂ ಸಿಕ್ಕಿದ್ದು ಒಂದೇ ನೀರು.

ನಿಜವಾಗಿ ಕಣ್ಣು ತೆರೆಸಿದ್ದು 2007ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಹಿರೋಶಿ ಮಿಯಾಮೊಟೊ ಮತ್ತು ಸಂಗಡಿಗರ ಪ್ರಯೋಗ. ಅವರು ಹಾರ್ಮೋನ್ ಬದಲಿಗೆ ರಿಸೆಪ್ಟರ್ ಮೇಲೆಯೇ ಕೈ ಇಟ್ಟರು. ಆಂಡ್ರೋಜನ್ ರಿಸೆಪ್ಟರ್ ಜೀನ್ ತೆಗೆದುಹಾಕಿದ ಇಲಿಗಳನ್ನು ಬೆಳೆಸಿ, ಎಲ್ಲಕ್ಕೂ ಬಿಬಿಎನ್ ಕೊಟ್ಟರು. ಸಾಮಾನ್ಯ ಗಂಡಿಲಿಗಳಲ್ಲಿ ನೂರಕ್ಕೆ 92ಕ್ಕೂ ಹೆಚ್ಚಿನವಕ್ಕೆ ಕ್ಯಾನ್ಸರ್ ಬಂತು. ಸಾಮಾನ್ಯ ಹೆಣ್ಣಿಲಿಗಳಲ್ಲಿ ನೂರಕ್ಕೆ 42. ವೃಷಣ ತೆಗೆದ ಗಂಡಿಲಿಗಳಲ್ಲಿ ಅರ್ಧದಷ್ಟು. ರಿಸೆಪ್ಟರ್ ಇಲ್ಲದ ಇಲಿಗಳಲ್ಲಿ, ಗಂಡಾಗಲಿ ಹೆಣ್ಣಾಗಲಿ, ಒಂದಕ್ಕೂ ಬರಲಿಲ್ಲ.

ಈ ನಾಲ್ಕು ಸಾಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವೃಷಣ ತೆಗೆದರೆ ಟೆಸ್ಟೋಸ್ಟೆರೋನ್ ಹೆಚ್ಚು ಕಡಿಮೆ ಹೋಗಿಬಿಡುತ್ತದೆ. ಆದರೂ ಅರ್ಧ ಇಲಿಗಳಿಗೆ ಕ್ಯಾನ್ಸರ್ ಬಂತು. ರಿಸೆಪ್ಟರನ್ನೇ ತೆಗೆದರೆ ಮಾತ್ರ ಸೊನ್ನೆ. ಹೆಣ್ಣಿಲಿಗಳಲ್ಲೂ ಸೊನ್ನೆ. ಅಂದರೆ ಹೆಣ್ಣಿಲಿಗೆ ಕ್ಯಾನ್ಸರ್ ಬಂದಾಗಲೂ ಅದೇ ರಿಸೆಪ್ಟರ್ ಒಳಗೆ ಕೆಲಸ ಮಾಡಿತ್ತು. ಇನ್ನೊಂದು ಮಾತು ಈ ಲೆಕ್ಕದಲ್ಲೇ ಅಡಗಿದೆ. ಬಿಬಿಎನ್ ಕೊಡದೆ ಸುಮ್ನೆ ಟೆಸ್ಟೋಸ್ಟೆರೋನ್ ಇದ್ದ ಮಾತ್ರಕ್ಕೆ ಯಾವ ಇಲಿಗೂ ಹೀಗೆ ಕ್ಯಾನ್ಸರ್ ಬರುವುದಿಲ್ಲ. ವಿಷ ಬೇಕೇ ಬೇಕು. ವಿಷ ಮಾಡುವ ಹಾನಿ ಎಷ್ಟು ದೂರ ಹೋಗುತ್ತದೆ ಎಂಬುದನ್ನು ಹಾರ್ಮೋನಿನ ದಾರಿ ನಿರ್ಧರಿಸುತ್ತದೆ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಜೀವಕೋಶದ ಒಳಗೆ ಆಗುವುದೇನು

ಮೊದಲ ಪೆಟ್ಟು ಬೀಳುವ ಹಂತದಲ್ಲೇ ಹಾರ್ಮೋನ್ ಕೈ ಹಾಕುತ್ತದೆ. ನಮ್ಮ ಮೂತ್ರಕೋಶದ ಒಳಪದರಕ್ಕೆ ತನ್ನದೇ ಆದ ಒಂದು ರಕ್ಷಣೆ ಇದೆ. ಯುಜಿಟಿ ಎಂಬ ಕಿಣ್ವಗಳು ವಿಷದ ಅಣುವಿಗೆ ಸಕ್ಕರೆಯಂಥ ಒಂದು ತುಂಡು ಅಂಟಿಸುತ್ತವೆ. ಆಗ ಅದು ನೀರಿನಲ್ಲಿ ಕರಗಿ, ಜೀವಕೋಶಕ್ಕೆ ತೊಂದರೆ ಕೊಡದೆ ಹೊರಗೆ ಹೋಗುತ್ತದೆ. ಬೀಡಿ ಹೊಗೆಯ ಆರೊಮ್ಯಾಟಿಕ್ ಅಮೈನ್‌ಗಳನ್ನು ನಿರ್ವಿಷ ಮಾಡುವ ದಾರಿಗಳಲ್ಲಿ ಇದೂ ಒಂದು. ಗಂಡು ಹಾರ್ಮೋನ್ ರಿಸೆಪ್ಟರ್ ಮೂಲಕ ಕೆಲಸ ಮಾಡಿದಾಗ ಈ ಕಿಣ್ವಗಳ ಉತ್ಪಾದನೆ ಇಳಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲೂ ಇಲಿಗಳಲ್ಲೂ ಕಂಡಿದೆ. ಹಾಗಾದರೆ ಒಂದೇ ಕಟ್ಟು ಬೀಡಿ ಸೇದಿದ ಇಬ್ಬರಲ್ಲಿ ಒಬ್ಬರ ಮೂತ್ರಕೋಶಕ್ಕೆ ಹೆಚ್ಚು ವಿಷ ತಾಗಬಹುದು. ಬೀಡಿ ಮತ್ತು ಹಾರ್ಮೋನ್ ಎರಡು ಬೇರೆ ಬೇರೆ ಕಾರಣಗಳು ಅಂತ ನಾವು ಎಣಿಸುತ್ತೇವೆ. ಅವೆರಡೂ ಇಲ್ಲಿ ಒಂದೇ ಜಾಗದಲ್ಲಿ ಭೇಟಿಯಾಗುತ್ತವೆ. ನನಗೆ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಕುತೂಹಲ ಅನ್ನಿಸುವುದು ಇದೇ ಭಾಗ.

ಡಿಎನ್‌ಎಗೆ ಪೆಟ್ಟು ಬಿದ್ದು ಜೀವಕೋಶ ದಾರಿ ತಪ್ಪಿದ ಮೇಲೂ ಹಾರ್ಮೋನಿನ ಕೆಲಸ ಮುಂದುವರಿಯುತ್ತದೆ. ಜೀವಕೋಶದ ಮೇಲ್ಮೈಯಲ್ಲಿ ‘ಬೆಳೆ, ಇಬ್ಭಾಗವಾಗು’ ಎಂಬ ಸಂದೇಶ ಹಿಡಿಯುವ ಪ್ರೋಟೀನ್‌ಗಳಿವೆ. ಇಜಿಎಫ್‌ಆರ್, ಹರ್-2 ಅಂಥವು. ಸ್ತನದ ಕ್ಯಾನ್ಸರ್ ಚಿಕಿತ್ಸೆ ಕಂಡವರಿಗೆ ಹರ್-2 ಹೆಸರು ಗೊತ್ತಿರುತ್ತದೆ. ಮೂತ್ರಕೋಶದ ಕ್ಯಾನ್ಸರ್ ಜೀವಕೋಶಗಳಿಗೆ ಆಂಡ್ರೋಜನ್ ಕೊಟ್ಟರೆ ಇವುಗಳ ಪ್ರಮಾಣ ಏರುತ್ತದೆ. ಸಿಡಿ24 ಎಂಬ ಇನ್ನೊಂದು ಪ್ರೋಟೀನ್ ಗೆಡ್ಡೆ ಬೆಳೆಯಲು, ಹರಡಲು ಸಹಾಯ ಮಾಡುತ್ತದೆ. ಅದೂ ಆಂಡ್ರೋಜನ್ ಹಿಡಿತದಲ್ಲಿದೆ ಎಂದು 2012ರಲ್ಲಿ ತಿಳಿಯಿತು.

ಮೂರನೆಯ ದಾರಿ ಗೆಡ್ಡೆಯ ಹೊರಗಿದೆ. ಕ್ಯಾನ್ಸರ್ ಜೀವಕೋಶವನ್ನು ಗುರುತಿಸಿ ಕೊಲ್ಲಬೇಕಾದ ರಕ್ಷಣಾ ಪಡೆಯಲ್ಲಿ ಟಿ-ಸೆಲ್‌ಗಳು ಮುಖ್ಯ. ತುಂಬಾ ಹೊತ್ತು ಹೋರಾಡಿದರೆ ಅವು ಸುಸ್ತಾಗುತ್ತವೆ. ಇದು ಅಲಂಕಾರದ ಮಾತಲ್ಲ, ವಿಜ್ಞಾನಿಗಳೇ ಟಿ-ಸೆಲ್ ಬಳಲಿಕೆ ಎಂದು ಕರೆಯುತ್ತಾರೆ. ಗಂಡು ಹಾರ್ಮೋನ್ ಈ ಬಳಲಿಕೆಯನ್ನು ಬೇಗ ತರುತ್ತದೆ ಎಂದು 2022ರಲ್ಲಿ ಇಲಿಗಳ ಮೂತ್ರಕೋಶದ ಕ್ಯಾನ್ಸರ್ ಮೇಲೆ ನಡೆದ ಅಧ್ಯಯನ ತೋರಿಸಿತು.

ಇಷ್ಟು ಓದಿದವರಿಗೆ ಒಂದು ಸಂದೇಹ ಬರಬೇಕು. ಗಂಡು ಹಾರ್ಮೋನ್ ಉಕ್ಕುವುದು ಇಪ್ಪತ್ತರ ವಯಸ್ಸಿನಲ್ಲಿ. ಮೂತ್ರಕೋಶದ ಕ್ಯಾನ್ಸರ್ ಬರುವುದು ಬಹುಪಾಲು ಅರವತ್ತು, ಎಪ್ಪತ್ತು ದಾಟಿದ ಮೇಲೆ. ಲೆಕ್ಕ ಉಲ್ಟಾ ಆಯಿತಲ್ವಾ? ಇಲ್ಲ. ಈ ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಹುಟ್ಟುವುದಲ್ಲ. ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ವಿಷ ತಾಗಿದ್ದಕ್ಕೂ ಗೆಡ್ಡೆ ಕಂಡಿದ್ದಕ್ಕೂ ನಡುವೆ ಇಪ್ಪತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚು ಅಂತರ ಇರುತ್ತಿತ್ತು. ಮೊದಲ ಪೆಟ್ಟುಗಳು ಬೀಳುವುದು ಹಾರ್ಮೋನ್ ಜೋರಾಗಿ ಇರುವ ವಯಸ್ಸಿನಲ್ಲಿಯೇ.

ಇನ್ನೊಂದು ತೊಡಕೂ ಇದೆ. ರೋಗಿಗಳಿಂದ ತೆಗೆದ ಗೆಡ್ಡೆಗಳನ್ನು ನೋಡಿದಾಗ, ಮೂತ್ರಕೋಶದ ಗೋಡೆಯ ಸ್ನಾಯುವಿನೊಳಗೆ ಇಳಿದ ಮುಂದುವರಿದ ಗೆಡ್ಡೆಗಳಲ್ಲಿ ಎಷ್ಟೋ ಸಲ ಆಂಡ್ರೋಜನ್ ರಿಸೆಪ್ಟರ್ ಕಡಿಮೆ ಇರುತ್ತದೆ, ಆರಂಭದ ಗೆಡ್ಡೆಗಳಲ್ಲಿ ಜಾಸ್ತಿ. ಇದನ್ನು ನೋಡಿದರೆ ಹಾರ್ಮೋನಿನ ಹಿಡಿತ ಶುರುವಿನಲ್ಲಿ ಹೆಚ್ಚು, ಆಮೇಲೆ ಗೆಡ್ಡೆ ತನ್ನ ಪಾಡಿಗೆ ತಾನು ಬೆಳೆಯುವುದನ್ನು ಕಲಿಯುತ್ತದೆ ಎನಿಸುತ್ತದೆ. ಆಂಡ್ರೋಜನ್ ನಿಲ್ಲಿಸಿದರೆ ಎಲ್ಲ ಮೂತ್ರಕೋಶದ ಕ್ಯಾನ್ಸರ್ ಕರಗಿಬಿಡುತ್ತದೆ ಎಂದು ಹೇಳುವವರನ್ನು ನಾನು ನಂಬದಿರುವುದು ಇದಕ್ಕೇ.

ಹೆಣ್ಣು ಹಾರ್ಮೋನಿಗೆ ಎರಡು ಮುಖ

ಹಾಗಾದರೆ ಈಸ್ಟ್ರೋಜನ್ ಹೆಂಗಸರನ್ನು ಕಾಪಾಡುತ್ತದೆಯೇ? ಅರ್ಧ ಉತ್ತರ ಹೌದು. ಮುಟ್ಟು ಬೇಗ ನಿಂತವರಲ್ಲಿ ಈ ಕಾಯಿಲೆ ಸ್ವಲ್ಪ ಜಾಸ್ತಿ ಎಂದು ಅಮೆರಿಕದ ನರ್ಸ್‌ಗಳ ಮೇಲೆ ನಡೆದ ದೊಡ್ಡ ಅಧ್ಯಯನ 2006ರಲ್ಲಿ ತಿಳಿಸಿತು. 45 ವರ್ಷಕ್ಕೇ ಅಥವಾ ಅದಕ್ಕೂ ಮುಂಚೆ ಮುಟ್ಟು ನಿಂತವರನ್ನು 50ರ ನಂತರ ನಿಂತವರ ಜೊತೆ ಹೋಲಿಸಿ ನೋಡಿದ್ದರು. ಹೆರಿಗೆ ಆದವರಲ್ಲಿ, ಆಗದವರಿಗಿಂತ, ಸ್ವಲ್ಪ ಕಡಿಮೆ ಎಂದೂ ಹಲವು ಅಧ್ಯಯನಗಳಲ್ಲಿ ಕಂಡಿದೆ.

ಉಳಿದ ಅರ್ಧ ಉತ್ತರ ತಕರಾರಿನದು. ಈಸ್ಟ್ರೋಜನ್‌ಗೆ ಒಂದಲ್ಲ, ಎರಡು ಮುಖ್ಯ ರಿಸೆಪ್ಟರ್‌ಗಳಿವೆ, ಆಲ್ಫಾ ಮತ್ತು ಬೀಟಾ. ಬೀಟಾ ಇದೆ ಎಂದು ಗೊತ್ತಾಗಿದ್ದೇ 1996ರಲ್ಲಿ, ಸ್ವೀಡನ್‌ನಲ್ಲಿ, ಅದೂ ಗಂಡಿಲಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ! ಮೂತ್ರಕೋಶದ ಒಳಪದರದಲ್ಲಿ ಜಾಸ್ತಿ ಇರುವುದು ಈ ಬೀಟಾನೇ. ಆಲ್ಫಾ ತೆಗೆದ ಇಲಿಗಳಿಗೆ ಬಿಬಿಎನ್ ಕೊಟ್ಟಾಗ ಕ್ಯಾನ್ಸರ್ ಹೆಚ್ಚಾಯಿತು. ಬೀಟಾ ತೆಗೆದವುಗಳಲ್ಲಿ ಕಡಿಮೆಯಾಯಿತು. ಅಂದರೆ ಒಂದೇ ಹಾರ್ಮೋನ್ ಆಲ್ಫಾ ಮೂಲಕ ಹೋದರೆ ತಡೆ, ಬೀಟಾ ಮೂಲಕ ಹೋದರೆ ಕುಮ್ಮಕ್ಕು. ರೋಗಿಗಳ ಗೆಡ್ಡೆಗಳಲ್ಲೂ, ಉಗ್ರವಾದವುಗಳಲ್ಲಿ ಬೀಟಾ ಹೆಚ್ಚು ಕಂಡಿದೆ. ‘ಹೆಣ್ಣು ಹಾರ್ಮೋನ್ ಒಳ್ಳೇದು, ಗಂಡು ಹಾರ್ಮೋನ್ ಕೆಟ್ಟದ್ದು’ ಎಂದು ಹಂಚಿಬಿಡುವುದು ಸುಲಭ, ಆದರೆ ಜೀವಕೋಶ ಆ ಹಂಚಿಕೆ ಒಪ್ಪುವುದಿಲ್ಲ.

ಹೆಂಗಸರ ವಿಷಯದಲ್ಲಿ ಬೇಸರದ ಮಾತೊಂದಿದೆ. ಕಾಯಿಲೆ ಅವರಿಗೆ ಬರುವುದು ಕಡಿಮೆ. ಬಂದಾಗ ಗೊತ್ತಾಗುವುದು ತಡವಾಗಿ, ಎಷ್ಟೋ ಸಲ ಮುಂದುವರಿದ ಹಂತದಲ್ಲಿ. ಇದರಲ್ಲಿ ಹಾರ್ಮೋನಿನ ಪಾಲು ಎಷ್ಟಾದರೂ ಇರಲಿ, ನಮ್ಮ ಅಭ್ಯಾಸಗಳ ಪಾಲಂತೂ ಎದ್ದು ಕಾಣುತ್ತದೆ. ಮೂತ್ರ ಕೆಂಪಗಾದರೆ ‘ಉಷ್ಣ ಆಗಿದೆ’ ಎಂದು ಬಾರ್ಲಿ ನೀರು, ಎಳನೀರು. ಆಮೇಲೆ ‘ಉರಿಮೂತ್ರ’ ಎಂದು ಮೆಡಿಕಲ್ ಶಾಪ್‌ನಿಂದ ಆಂಟಿಬಯಾಟಿಕ್. ವಯಸ್ಸಾದವರಾದರೆ ‘ಗರ್ಭಕೋಶದ್ದೇನೋ ಇರಬೇಕು’. ಎರಡು ದಿನಕ್ಕೆ ರಕ್ತ ತಾನಾಗಿ ನಿಲ್ಲುತ್ತದೆ, ಮಾತ್ರೆಯಿಂದ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಈ ಕಾಯಿಲೆಯ ರಕ್ತ ಬರುವುದೇ ಹಾಗೆ, ಬಿಟ್ಟು ಬಿಟ್ಟು, ಬಹುಪಾಲು ನೋವಿಲ್ಲದೆ. ನೋವಿಲ್ಲ ಅಂದ ಮಾತ್ರಕ್ಕೆ ಏನಿಲ್ಲ ಎಂದಲ್ಲ.

ಗಂಡು-ಹೆಣ್ಣಿನ ಅಂತರಕ್ಕೆ ಹಾರ್ಮೋನ್ ಒಂದೇ ಕಾರಣವೂ ಅಲ್ಲ. ಎಕ್ಸ್ ಕ್ರೋಮೋಸೋಮಿನಲ್ಲಿ ಕೆಡಿಎಂ6ಎ ಎಂಬ ಜೀನ್ ಇದೆ, ಗೆಡ್ಡೆಯನ್ನು ತಡೆಯುವಂಥದ್ದು. ಹೆಂಗಸರಲ್ಲಿ ಅದರ ಎರಡೂ ಪ್ರತಿ ಕೆಲಸ ಮಾಡುತ್ತವೆ, ಗಂಡಸರಿಗೆ ಇರುವುದು ಒಂದೇ ಎಕ್ಸ್. ಹಾರ್ಮೋನ್ ಬಿಟ್ಟು ಎಕ್ಸ್ ಕ್ರೋಮೋಸೋಮ್ ಕೂಡ ಹೆಣ್ಣಿಲಿಗಳನ್ನು ಕಾಪಾಡುತ್ತದೆ ಎಂದು 2018ರಲ್ಲಿ ತೋರಿಸಿದರು. ಇನ್ನು ಗಂಡಸರ ಕೆಲವು ಗೆಡ್ಡೆಗಳು ತಮ್ಮ ವೈ ಕ್ರೋಮೋಸೋಮನ್ನೇ ಕಳೆದುಕೊಂಡಿರುತ್ತವೆ. ಅಂಥವು ಹೆಚ್ಚು ಉಗ್ರವಾಗಿ ಬೆಳೆಯುತ್ತವೆ, ಆದರೆ ಇಮ್ಯುನೋಥೆರಪಿಗೆ (ದೇಹದ ರಕ್ಷಣಾ ಪಡೆಯನ್ನೇ ಎಬ್ಬಿಸುವ ಚಿಕಿತ್ಸೆಗೆ) ಹೆಚ್ಚು ಬಗ್ಗುತ್ತವೆ ಎಂದು 2023ರಲ್ಲಿ ಕಂಡುಬಂತು.

ಮಾತ್ರೆಗಳ ವಿಷಯ

ಇಲ್ಲಿ ಸ್ವಲ್ಪ ಹುಷಾರಾಗಿ ಓದಿ.

ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಗಂಡು ಹಾರ್ಮೋನ್ ತಡೆಯುವುದು ಹಳೆಯ ಚಿಕಿತ್ಸೆ. ಷಿಕಾಗೊದ ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿದ್ದು, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ಹಾಗೆ ಹಾರ್ಮೋನ್ ತಡೆಯುವ ಚಿಕಿತ್ಸೆ ಪಡೆದವರಲ್ಲಿ, ಮೂತ್ರಕೋಶದ ಗೆಡ್ಡೆಯೂ ಇದ್ದವರಿಗೆ ಅದು ಮರುಕಳಿಸುವುದು ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಪ್ರಾಸ್ಟೇಟ್ ಊದಿಕೊಂಡವರಿಗೆ ಕೊಡುವ ಫಿನಾಸ್ಟರೈಡ್ ಮಾತ್ರೆ ಟೆಸ್ಟೋಸ್ಟೆರೋನ್ ಅನ್ನು ಡಿಎಚ್‌ಟಿ ಎಂಬ ಇನ್ನೂ ಬಲವಾದ ಗಂಡು ಹಾರ್ಮೋನ್ ಆಗದಂತೆ ತಡೆಯುತ್ತದೆ. ಅದನ್ನು ತೆಗೆದುಕೊಳ್ಳುತ್ತಿದ್ದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಕಡಿಮೆ ಎಂದು 2016ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಕಂಡಿತು. ಬೇರೆ ಕೆಲವು ಅಧ್ಯಯನಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಇವೆಲ್ಲ ಬೇರೆ ಕಾಯಿಲೆಗೆ ಮಾತ್ರೆ ತಿಂದವರನ್ನು ಗಮನಿಸಿ ಹಾಕಿದ ಲೆಕ್ಕ. ಮೂತ್ರಕೋಶದ ಕ್ಯಾನ್ಸರ್‌ಗೆ ಹಾರ್ಮೋನ್ ತಡೆಯುವುದು ಇವತ್ತಿಗೂ ಪ್ರಯೋಗದ ಹಂತದಲ್ಲೇ ಇದೆ, ಚಿಕಿತ್ಸೆಯ ಪಟ್ಟಿಯಲ್ಲಿಲ್ಲ. ‘ನಮ್ಮಪ್ಪನಿಗೂ ಫಿನಾಸ್ಟರೈಡ್ ಶುರು ಮಾಡೋಣ’ ಎಂದು ಅಂಗಡಿಗೆ ಹೊರಡಬೇಡಿ.

ಸಕ್ಕರೆ ಕಾಯಿಲೆಯ ಪಯೋಗ್ಲಿಟಾಜೋನ್ ಮಾತ್ರೆ ಇದಕ್ಕೆ ವಿರುದ್ಧ ದಿಕ್ಕಿನ ಕಥೆ. ಅದು ಕೆಲಸ ಮಾಡುವ ರಿಸೆಪ್ಟರ್ ಆಂಡ್ರೋಜನ್ ರಿಸೆಪ್ಟರ್ ಇರುವ ಕುಟುಂಬದ್ದೇ, ಮೂತ್ರಕೋಶದ ಒಳಪದರದಲ್ಲೂ ಇದೆ. ದೀರ್ಘಕಾಲ ತೆಗೆದುಕೊಂಡವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಸ್ವಲ್ಪ ಹೆಚ್ಚಬಹುದು ಎಂಬ ಆತಂಕದಿಂದ 2011ರಲ್ಲಿ ಫ್ರಾನ್ಸ್, ಜರ್ಮನಿಗಳು ಅದಕ್ಕೆ ತಡೆ ಹಾಕಿದವು. ಭಾರತ 2013ರ ಜೂನ್‌ನಲ್ಲಿ ಮಾರಾಟ ನಿಲ್ಲಿಸಿತು. ಜುಲೈ ಕೊನೆಗೆ ಎಚ್ಚರಿಕೆ ಮುದ್ರಿಸಬೇಕು ಎಂಬ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ಈ ಮಾತ್ರೆ ನುಂಗುತ್ತಿರುವವರು ಹೆದರಿ ತಾವೇ ನಿಲ್ಲಿಸುವುದು ಬೇಡ. ಮೂತ್ರಕೋಶದ ಕ್ಯಾನ್ಸರ್ ಮೊದಲೇ ಆಗಿದ್ದರೆ, ಅಥವಾ ಮೂತ್ರದಲ್ಲಿ ರಕ್ತ ಕಂಡಿದ್ದರೆ, ಡಾಕ್ಟರಿಗೆ ಮರೆಯದೆ ಹೇಳಿ. ಅವರು ಬದಲಿ ಮಾತ್ರೆ ಬರೆದುಕೊಡುತ್ತಾರೆ.

ರಿಪೋರ್ಟ್ ಕೈಗೆ ಬಂದಾಗ

ಮೂತ್ರದಲ್ಲಿ ಕಣ್ಣಿಗೆ ಕಾಣುವಂತೆ ರಕ್ತ ಬಂದರೆ, ಒಂದೇ ಸಲ ಬಂದು ನಿಂತಿದ್ದರೂ, ಮುಂದಿನ ದಾರಿ ಯುರಾಲಜಿ ಡಾಕ್ಟರ್. ನಮ್ಮ ಕಡೆಯ ಜಿಲ್ಲೆಗಳಿಂದ ಬೆಂಗಳೂರು ಹತ್ತಿರವೇ. ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆ ಇದೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಸ್ಕ್ಯಾನಿಂಗ್ ಜೊತೆಗೆ ಸಿಸ್ಟೋಸ್ಕೋಪಿ ಮಾಡುತ್ತಾರೆ, ಅಂದರೆ ಮೂತ್ರದ ದಾರಿಯಿಂದ ತೆಳುವಾದ ಕ್ಯಾಮೆರಾ ನಳಿಕೆ ಬಿಟ್ಟು ಒಳಗೆ ನೋಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಸಣ್ಣ ಗೆಡ್ಡೆ ಇದರಲ್ಲಿ ಕಾಣಬಹುದು. ಗೆಡ್ಡೆ ಇದ್ದರೆ ಅದೇ ದಾರಿಯಿಂದ ಕೆರೆದು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಪತ್ತೆಯಾದಾಗ ನೂರರಲ್ಲಿ ಸುಮಾರು ಎಪ್ಪತ್ತು ಗೆಡ್ಡೆಗಳು ಇನ್ನೂ ಸ್ನಾಯುವಿಗೆ ಇಳಿದಿರುವುದಿಲ್ಲ. ಅಂಥವರಲ್ಲಿ ಹಲವರಿಗೆ ಮೂತ್ರಕೋಶದೊಳಗೆ ಬಿಸಿಜಿ ಹಾಕುತ್ತಾರೆ. ಹೌದು, ಮಕ್ಕಳ ತೋಳಿಗೆ ಚುಚ್ಚುವ ಅದೇ ಕ್ಷಯದ ಲಸಿಕೆ. ಕೆನಡಾದ ಅಲ್ವಾರೊ ಮೊರಾಲೆಸ್ 1976ರಲ್ಲಿ ಇದರ ಫಲ ಪ್ರಕಟಿಸಿದರು, ಇವತ್ತಿಗೂ ಬಳಕೆಯಲ್ಲಿದೆ. ಗೆಡ್ಡೆ ಮರುಕಳಿಸುವುದು ಜಾಸ್ತಿ ಆದ್ದರಿಂದ, ಡಾಕ್ಟರ್ ಹೇಳಿದ ದಿನಕ್ಕೆ ಮತ್ತೆ ಮತ್ತೆ ಕ್ಯಾಮೆರಾ ಪರೀಕ್ಷೆಗೆ ಹೋಗಲೇಬೇಕು. ಈ ಹಂತದಲ್ಲಿ ಬೀಡಿ ಬಿಟ್ಟರೂ ಲಾಭ ಇದೆ.

ಸ್ತನದ ಕ್ಯಾನ್ಸರ್ ಬಯಾಪ್ಸಿ ರಿಪೋರ್ಟಿನಲ್ಲಿ ಹಾರ್ಮೋನ್ ರಿಸೆಪ್ಟರ್ ಇದೆಯೇ ಇಲ್ಲವೇ ಎಂದು ಬರೆದಿರುತ್ತಾರೆ. ಮೂತ್ರಕೋಶದ ರಿಪೋರ್ಟಿನಲ್ಲಿ ಹಾಗೆ ಇರುವುದಿಲ್ಲ. ಅದು ಲ್ಯಾಬಿನವರ ತಪ್ಪಲ್ಲ. ಇದ್ದರೂ ಇವತ್ತಿನ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ. ಹುಡುಕಿ ಓದಬೇಕಾದದ್ದು ಬೇರೆ ಎರಡು ಸಾಲು. ಗೆಡ್ಡೆ ಲೋ ಗ್ರೇಡೋ (ಸೌಮ್ಯ) ಹೈ ಗ್ರೇಡೋ (ಉಗ್ರ) ಎನ್ನುವುದು ಒಂದು. ತೆಗೆದ ತುಂಡಿನಲ್ಲಿ ಸ್ನಾಯು ಸಿಕ್ಕಿದೆಯೇ, ಸಿಕ್ಕಿದ್ದರೆ ಕ್ಯಾನ್ಸರ್ ಅದರೊಳಗೆ ಹೋಗಿದೆಯೇ ಎನ್ನುವುದು ಇನ್ನೊಂದು. ಹೈ ಗ್ರೇಡ್ ಗೆಡ್ಡೆಯ ತುಂಡಿನಲ್ಲಿ ಸ್ನಾಯುವೇ ಸಿಕ್ಕಿಲ್ಲ ಎಂದು ಬರೆದಿದ್ದರೆ ಸಾಮಾನ್ಯವಾಗಿ ಇನ್ನೊಮ್ಮೆ ಕೆರೆದು ನೋಡುತ್ತಾರೆ. ‘ಮತ್ತೆ ಯಾಕೆ ಆಪರೇಷನ್ ಸಾರ್?’ ಎಂದು ಕೇಳಲು ಸಂಕೋಚಪಡಬೇಡಿ, ಆದರೆ ಆ ಎರಡನೇ ಸಲವನ್ನು ತಪ್ಪಿಸಿಕೊಳ್ಳಲೂ ಬೇಡಿ.